ಬುಗುರಿಗೆ ಯಾವ ಬಣ್ಣ ಒಳ್ಳೆಯದು?

ಗೆಳೆಯರೇ, ನಮ್ಮ ಶಾಲೆಯಲ್ಲಿ ಬುಗುರಿ ಆಡದವರು ಯಾರಿದ್ದಾರೆ ಹೇಳಿ? ಹೊಸ ಮರದ ಬುಗುರಿ ಸಿಕ್ಕ ಕೂಡಲೇ ಎಲ್ಲರೂ ಕೇಳೋದು, "ಯಾವ ಬಣ್ಣ ಹಚ್ಚೋಣ?" ಅಂತ. ನೋಡೋಕೆ ಚೆಂದ ಇದ್ದರೆ ಸಾಲದು. ಚಾಟಿ ಜಾರಬಾರದು. ಗುನ್ನ ಬಿದ್ದರೆ ಬಣ್ಣ ಚಕ್ಕೆ ಏಳಬಾರದು. ಮನೆಯ ಮಗು ಬಾಯಿಗೆ ಇಟ್ಟುಕೊಂಡರೂ ಅಪಾಯ ಆಗಬಾರದು. ನನ್ನ ತಂಗಿಗೆ ಒಂದೂವರೆ ವರ್ಷ. ಸಿಕ್ಕಿದ್ದೆಲ್ಲಾ ಬಾಯಿಗೇ! ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಪೇಂಟು: ಕಿಟಕಿ ಬಾಗಿಲಿಗೆ ಬಳಿಯುವ ಪೇಂಟು ಹೊಳೆಯುತ್ತದೆ, ನೀರಿಗೂ ತಡೆಯುತ್ತದೆ. ಆದರೆ ಅದು ಮರದ ಮೇಲೆ ಸಿಪ್ಪೆಯ ಹಾಗೆ ಕೂರುತ್ತದೆ. ಗುನ್ನ ಬಿದ್ದರೆ ಚಕ್ಕೆ ಏಳುತ್ತದೆ. ಹಳೆಯ ಪೇಂಟುಗಳಲ್ಲಿ ಸೀಸ ಇರಬಹುದು. ಸೀಸ ಹೊಟ್ಟೆಗೆ ಹೋದರೆ ಮಕ್ಕಳ ಮೆದುಳಿಗೆ ಹಾನಿ. ನಮ್ಮ ದೇಶದಲ್ಲಿ 2016ರಲ್ಲಿ ಇದಕ್ಕೆ ನಿಯಮ ಮಾಡಿದರು. 2017ರ ನವೆಂಬರ್‌ನಿಂದ ಮನೆಗೆ ಬಳಿಯುವ ಪೇಂಟಿನಲ್ಲಿ 10 ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು. ಆದ್ದರಿಂದ ಅಟ್ಟದ ಮೇಲಿನ ಹಳೇ ಡಬ್ಬಿ ಬೇಡವೇ ಬೇಡ. ಹಳೆಯ ಬಣ್ಣವನ್ನು ಮರಳು ಕಾಗದದಿಂದ ಉಜ್ಜಲೂಬೇಡಿ, ಆ ಧೂಳೂ ಕೆಟ್ಟದ್ದು.

2. ಎಣ್ಣೆ: ಇದು ಮರದ ಒಳಗೆ ಇಳಿಯುತ್ತದೆ, ಚಕ್ಕೆ ಏಳುವುದಿಲ್ಲ. ಆದರೆ ಕೊಬ್ಬರಿ ಎಣ್ಣೆ, ಹರಳೆಣ್ಣೆ ಒಣಗುವುದೇ ಇಲ್ಲ. ಕೈಗೆಲ್ಲಾ ಜಿಡ್ಡು, ಧೂಳು ಬೇರೆ ಮೆತ್ತುತ್ತದೆ. ಅಗಸೆ ಎಣ್ಣೆ ಗಾಳಿಗೆ ನಿಧಾನವಾಗಿ ಒಣಗಿ ಗಟ್ಟಿಯಾಗುತ್ತದೆ. ತೆಳ್ಳಗೆ ಹಚ್ಚಿ, ಒರೆಸಿ, ಕೆಲವು ದಿನ ಬಿಡಬೇಕು. ಎಚ್ಚರ! ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗೆ ಹರವಿ ಒಣಗಿಸಬೇಕು.

3. ಅರಗು: ಚನ್ನಪಟ್ಟಣದ ಬೊಂಬೆಗಳಿಗೆ ಹಚ್ಚುವುದು ಇದನ್ನೇ. ಮುತ್ತುಗ, ಎಲಚಿ ಮುಂತಾದ ಮರಗಳ ಕೊಂಬೆಯ ಮೇಲೆ ಅರಗಿನ ಹುಳು ಇದನ್ನು ಒಸರುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬ್ರಷ್ಷೂ ಬೇಡ, ಒಣಗಲು ಕಾಯುವುದೂ ಬೇಡ. ಆದರೆ ಜೋರಾಗಿ ಗುನ್ನ ಬಿದ್ದರೆ ಅರಗೂ ಸೀಳುತ್ತದೆ, ಬಿಸಿನೀರಿಗೆ ಹಾಕಿದರೆ ಬೆಳ್ಳಗಾಗುತ್ತದೆ. ಅರಗು ಅಂದ ಮಾತ್ರಕ್ಕೆ ಸುಮ್ಮನಾಗಬಾರದು. ಅದಕ್ಕೆ ಬೆರೆಸಿದ ಬಣ್ಣ ಯಾವುದು ಅಂತ ಕೇಳಿ. ಅರಿಸಿನದ ಹಳದಿ, ನೀಲಿ ಗಿಡದ ನೀಲಿ ಒಳ್ಳೆಯವು.

ಹಾಗಾದರೆ ಯಾವುದು ಸರಿ? ಚಾಟಿ ಸುತ್ತುವ ಕೆಳಭಾಗಕ್ಕೆ ಏನನ್ನೂ ಹಚ್ಚದೆ ಬರೀ ಮರವನ್ನೇ ಬಿಡಿ. ನುಣುಪಾದರೆ ಚಾಟಿ ಜಾರುತ್ತದೆ. ಬುಗುರಿ ಕಡೆಯುವವರು ಸಿಕ್ಕರೆ ಮೇಲ್ಭಾಗಕ್ಕೆ ಮಾತ್ರ ಗಿಡದ ಬಣ್ಣದ ಅರಗು ಹಾಕಿಸಿ. ಸಿಗದಿದ್ದರೆ ಅಗಸೆ ಎಣ್ಣೆ ಸಾಕು. ಗುನ್ನದ ಆಟಕ್ಕಂತೂ ಎಣ್ಣೆಯೇ ವಾಸಿ, ಗಾಯ ಆದ ಜಾಗಕ್ಕೆ ಮತ್ತೆ ಹಚ್ಚಬಹುದು.

ಒಂದು ಮಾತು ಮರೆಯಬೇಡಿ. ಬಣ್ಣ ಯಾವುದೇ ಇರಲಿ, ಮೊಳೆ ಇರುವ ಬುಗುರಿಯನ್ನು ಪುಟ್ಟ ಮಕ್ಕಳ ಕೈಗೆ ಕೊಡಬೇಡಿ!

— 7ನೇ ತರಗತಿ