ಬಿಸಿಲ ನಾಡಿನಲ್ಲಿ ಮೊಮ್ಮಕ್ಕಳೊಡನೆ ಎರಡು ದಿನ

ಬಸವ ಜಯಂತಿ ಸಮೀಪಿಸಿತೆಂದರೆ ಪುಣೆ, ಬೆಂಗಳೂರು, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳು ಮೊಮ್ಮಕ್ಕಳು ಕಲಬುರಗಿಯ ದಾರಿ ಹಿಡಿಯುತ್ತಾರೆ. ಅವರಿಗೆ ಶಾಲೆಯ ಬಿಡುವು, ನಮಗೆ ಮನೆತುಂಬಿದ ಸಂಭ್ರಮ. ಬಂದವರಿಗೆ ಊರು ತೋರಿಸಬೇಕೆಂಬ ಹಂಬಲ ಹಿರಿಯರಾದವರಿಗೆಲ್ಲ ಸಹಜವಾದುದು. ಆ ಹಂಬಲದಲ್ಲಿ ಒಂದು ಬೇಸಿಗೆ ನಾವು ಮಾಡಿದ ತಪ್ಪನ್ನು ಸದ್ಭಕ್ತ ಓದುಗರ ಮುಂದೆ ಮರೆಮಾಚದೆ ಹೇಳಿಕೊಳ್ಳುತ್ತಿದ್ದೇವೆ.

ನಮ್ಮ ವಾಸ ನಗರದ ಅಂಚಿನ ಕೋಟನೂರ. ಆ ವರ್ಷ ಪುಣೆಯಿಂದ ಮಗ, ಸೊಸೆ, ಒಂಬತ್ತರ ಮೊಮ್ಮಗಳು ಹಾಗೂ ನಾಲ್ಕರ ಮೊಮ್ಮಗ ಬಂದಿದ್ದರು. ಇರುವುದು ಎರಡೇ ದಿನವೆಂದಾಗ ನಾವು ಕಾಗದ ಹಿಡಿದು ಕುಳಿತೆವು. ಮಠದಲ್ಲಿ ಓದಿ ಬೆಳೆದವರಿಗೆ ಶಕ ಇಸವಿಗಳ ವ್ಯಾಮೋಹ ಬಿಡುವುದಿಲ್ಲ. 1347ರಲ್ಲಿ ಬಹಮನಿ ಅರಸರ ರಾಜಧಾನಿಯಾದ ಊರಿನ ಕೋಟೆ, ಅದರೊಳಗೆ 1367ರ ಜಾಮಿ ಮಸೀದಿ, ಹಫ್ತ್ ಗುಂಬಜ್, 1422ರಲ್ಲಿ ದೇಹಬಿಟ್ಟ ಖ್ವಾಜಾ ಬಂದೇನವಾಜರ ದರ್ಗಾ, ಬುದ್ಧ ವಿಹಾರ, ಸಂಜೆಗೆ ಶರಣಬಸವೇಶ್ವರರ ಗುಡಿ. ಮರುದಿನ ಅಮೋಘವರ್ಷ ನೃಪತುಂಗನ ಮಳಖೇಡ, ಅಲ್ಲಿಂದ ಅಶೋಕನ ಶಾಸನದ ಸನ್ನತಿ. ಬರೆದು ಮುಗಿದಾಗ ನಮಗೆ ಬಹಳ ಸಮಾಧಾನವಾಯಿತು. ಆ ಕಾಗದದಲ್ಲಿ ಊಟದ ವೇಳೆ ಇರಲಿಲ್ಲ, ನಿದ್ರೆಯ ವೇಳೆ ಇರಲಿಲ್ಲ. ಏಪ್ರಿಲ್ ಕೊನೆಯ ಕಲಬುರಗಿಯಲ್ಲಿ ಉಷ್ಣತೆ 40 ಡಿಗ್ರಿ ದಾಟುವುದೆಂಬ, ಇಲ್ಲಿ ಹುಟ್ಟಿ ಬೆಳೆದ ನಮಗೆ ಯಾರೂ ಹೇಳಬೇಕಿಲ್ಲದ ಮಾತೂ ಇರಲಿಲ್ಲ.

ಪೂಜೆ, ಉಪಾಹಾರ ಮುಗಿದು ಕೋಟೆ ಸೇರುವಷ್ಟರಲ್ಲಿ ಹನ್ನೊಂದು ಗಂಟೆ ದಾಟಿತ್ತು. ಆ ವಿಶಾಲವಾದ ಬಯಲಿನಲ್ಲಿ ನೆರಳು ವಿರಳ. ಮೊಮ್ಮಗಳು ಎರಡು ಸಲ ನೀರು ಕೇಳಿದಳು. ಒಯ್ದ ಒಂದು ಬಾಟಲಿ ಅಷ್ಟಕ್ಕೇ ಬರಿದಾಯಿತು. ನಾವು ಮಾತ್ರ ಬಹಮನಿಯರ ಇತಿಹಾಸ ಹೇಳುತ್ತ ಸಾಗಿದ್ದೆವು. ಸದಾ ಓಡಾಡುವ ಕಿರಿಯವನು ಅಂದು ನಮ್ಮ ಕೈಹಿಡಿದು ಸುಮ್ಮನೆ ನಡೆಯುತ್ತಿದ್ದನು. ಅದನ್ನು ನಾವು ವಿಧೇಯತೆಯೆಂದು ತಿಳಿದು ಮೆಚ್ಚಿದೆವು! ಎತ್ತರದ ಬುರುಜಿನ ಮೇಲಿರುವ ದೊಡ್ಡ ತೋಪಿನ ಬಳಿಗೆ ಅವನನ್ನು ಎತ್ತಿಕೊಂಡು ಹೋಗಲು ಮುಂದಾದಾಗ ಸೊಸೆ ಮೈಮುಟ್ಟಿ ನೋಡಿ, "ಮಾವಾರೆ, ಕೂಸಿನ ಮೈ ಸುಡಲಕತ್ತದರಿ, ಮುಂಜಾನಿಂದ ಉಚ್ಚಿ ಸೈತ ಹೊಯ್ದಿಲ್ಲ" ಎಂದಳು. ತುಟಿ ಒಣಗಿತ್ತು, ಕಣ್ಣು ಅರೆಮುಚ್ಚಿದ್ದವು. ಅಲ್ಲಿಂದ ಆಟೋದಲ್ಲಿ ನೇರವಾಗಿ ವೈದ್ಯರ ಬಳಿಗೆ. ಸಂಜೆಯವರೆಗೆ ಮಲಗಿಸಿಕೊಂಡು ಸಲಾಯಿನ್ ಏರಿಸಿದರು. ಇನ್ನೊಂದು ತಾಸು ತಡವಾಗಿದ್ದರೆ ಎಂದು ವೈದ್ಯರು ಹೇಳಿ ನಿಲ್ಲಿಸಿದರು. ಮನೆಯಲ್ಲಿ ನಮ್ಮನ್ನು ಯಾರೂ ಬೈಯಲಿಲ್ಲ. ಅದೇ ಹೆಚ್ಚು ನೋಯಿಸಿತು.

ಅಂದು ವೈದ್ಯರಿಂದ ತಿಳಿದುದನ್ನು ವಿಸ್ತರಿಸಿ ಹೇಳುವುದು ಉಚಿತ. ಎಳೆಯ ಮಕ್ಕಳು ದೊಡ್ಡವರಷ್ಟು ಬೆವರುವುದಿಲ್ಲ. ಅವರ ಮೈ ಬೇಗ ಕಾಯುತ್ತದೆ. ಆಟದಲ್ಲಿರುವ ಮಗು ಬಾಯಾರಿಕೆಯನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಆದುದರಿಂದ ಕೇಳುವವರೆಗೆ ಕಾಯದೆ ಅರ್ಧ ತಾಸಿಗೊಮ್ಮೆ ನಾಲ್ಕು ಗುಟುಕು ನೀರನ್ನೋ ಮಜ್ಜಿಗೆಯನ್ನೋ ಕುಡಿಸಬೇಕು. ಮೂತ್ರ ಕಡಿಮೆಯಾಗುವುದು, ಅದು ಗಾಢ ಹಳದಿಯಾಗುವುದು, ಬಾಯಿ ಒಣಗುವುದು, ಕಾರಣವಿಲ್ಲದ ಹಟ ಅಥವಾ ಕಾರಣವಿಲ್ಲದ ಮೌನ, ಇವು ಮೊದಲ ಸೂಚನೆಗಳು. ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣ ದೊರೆತರೆ ಅದರ ಮೇಲೆ ಬರೆದಂತೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಪೂರ್ತಿ ಕರಗಿಸಬೇಕು. ಅರ್ಧ ಪುಡಿ, ಅಂದಾಜಿನ ನೀರು ಸಲ್ಲದು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಸಮನಾಗಿ ತುಂಬಿದ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಮೈ ಸುಡುತ್ತ ಮಗು ಮಂಕಾದರೆ ಮಾತ್ರ ಮನೆಮದ್ದಿನಲ್ಲಿ ಕಾಲ ಕಳೆಯಲಾಗದು. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ನೀರಿನಿಂದ ಮೈ ಒರೆಸುತ್ತ ಗಾಳಿ ಹಾಕುತ್ತ ಆಸ್ಪತ್ರೆಗೆ ಧಾವಿಸಬೇಕು.

ಅದೇ ವರ್ಷ ಡಿಸೆಂಬರಿನ ರಜೆಯಲ್ಲಿ ಅವರು ಮತ್ತೆ ಬಂದರು. ಬರುವರೋ ಇಲ್ಲವೋ ಎಂಬ ಅಳುಕು ನಮಗಿತ್ತು. ಈ ಸಲ ಕಾಗದವನ್ನು ಸೊಸೆಯ ಕೈಗಿತ್ತೆವು. ಅವಳು ಮುಂಜಾನೆಗೊಂದು, ಸಂಜೆಗೊಂದು ಸ್ಥಳ ಬರೆದು, ನಡುವೆ ಮನೆಯ ಊಟ, ನಿದ್ರೆ ಎಂದು ಗೆರೆ ಎಳೆದಳು. ನಮ್ಮ ಸ್ಥಳಗಳಲ್ಲಿ ನಾಲ್ಕು ಹೋದವು.

ಕೋಟೆಯನ್ನು ಎಂಟು ಗಂಟೆಗೆ ಹೊಕ್ಕೆವು. ಜಾಮಿ ಮಸೀದಿಗೆ ಇತರ ಮಸೀದಿಗಳಂತೆ ತೆರೆದ ಅಂಗಳವಿಲ್ಲ. ಇಡೀ ಕಟ್ಟಡವೇ ಛಾವಣಿ ಹೊದ್ದಿದೆ. ಬೇಸಿಗೆಯಲ್ಲಿ ನಾವು ಅರಸುತ್ತಿದ್ದ ನೆರಳು ಅಲ್ಲಿಯೇ ಇತ್ತೆಂಬುದು ಆಗ ಹೊಳೆಯಿತು. ಒಂದರ ಹಿಂದೊಂದು ಸಾಗುವ ಕಮಾನುಗಳನ್ನು ಮೊಮ್ಮಗಳು ಎಣಿಸತೊಡಗಿ, ಲೆಕ್ಕ ತಪ್ಪಿ, ಮೂರು ಸಲ ಮೊದಲಿನಿಂದ ಎಣಿಸಿದಳು. ನಾವು ಇಸವಿ ಹೇಳಲಿಲ್ಲ. ಅವಳೇ ಕೇಳಿದಳು.

ಸಂಜೆ ಜಿಲ್ಲಾ ವಿಜ್ಞಾನ ಕೇಂದ್ರ. 1984ರಿಂದ ಇರುವ ಈ ಕೇಂದ್ರವನ್ನು ನಗರದವರೇ ಮರೆತಿರುವುದು ಸೋಜಿಗ. ಗುಂಡಿ ಒತ್ತಿ, ಹಿಡಿ ತಿರುಗಿಸಿ ನೋಡುವ ಸಾಧನಗಳು. ಮುಟ್ಟಬೇಡ ಎಂಬ ಮಾತು ಅಲ್ಲಿಲ್ಲ. ಕಿರಿಯವನನ್ನು ಹೊರಗೆ ಕರೆತರಲು ಮಗ ಬಹಳ ಶ್ರಮಪಡಬೇಕಾಯಿತು. ಅನಂತರ ಅಪ್ಪನ ಗುಡಿ. 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಗದ್ದುಗೆಯ ದರ್ಶನ ಪಡೆದು, ದಾಸೋಹದ ಪಂಕ್ತಿಯಲ್ಲಿ ಮಕ್ಕಳನ್ನು ಕೂರಿಸಿದೆವು. ಪಕ್ಕದ ಹಳ್ಳಿಯ ಅಪರಿಚಿತ ತಾಯಿಯೊಬ್ಬರು ಕಿರಿಯವನಿಗೆ ಅನ್ನ ಕಲಸಿಕೊಟ್ಟರು. ಮನೆಯಲ್ಲಿ ಹಟಮಾಡುವವನು ಅಲ್ಲಿ ತಟ್ಟೆ ಬರಿದು ಮಾಡಿದನು. ಹೋಳಿಯ ಐದನೆಯ ದಿನದ ರಥೋತ್ಸವಕ್ಕೆ ಎಳೆಯರನ್ನು ಕರೆತರುವ ಭಕ್ತರಿಗೆ ಒಂದು ಬಿನ್ನಹ: ತೇರಿನ ದಟ್ಟಣೆಯಿಂದ ದೂರ ನಿಲ್ಲಿರಿ, ಮಗುವಿನ ಜೇಬಿನಲ್ಲಿ ತಂದೆಯ ದೂರವಾಣಿ ಸಂಖ್ಯೆ ಬರೆದ ಚೀಟಿ ಇರಲಿ.

ಎರಡನೆಯ ದಿನ ಹುಮನಾಬಾದ ಮಾರ್ಗದಲ್ಲಿ ಕಮಲಾಪುರ. ಒಂದು ತಾಸಿನೊಳಗಿನ ದಾರಿ. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚ್ಯಂಕದ ಮನ್ನಣೆಯಿದೆ. ಉಳಿದ ಬಾಳೆಗಿಂತ ಹೆಚ್ಚು ಕಾಲ ತೋಟದಲ್ಲಿ ನಿಲ್ಲುವ ಬೆಳೆಯಾದುದರಿಂದ ಬೆಲೆಯೂ ಹೆಚ್ಚು. ಶ್ರೀಮಂತರ ಹಣ್ಣೆಂಬ ಹೆಸರೂ ಇದೆ. ಹಣ್ಣಿಗೆ ಯಾರು ಬಣ್ಣ ಹಚ್ಚಿದರೆಂದು ಕಿರಿಯವನ ಪ್ರಶ್ನೆ. ರೈತರೊಬ್ಬರು ನಕ್ಕು ಗೊನೆಯ ಬುಡಕ್ಕೆ ಅವನನ್ನು ಎತ್ತಿ ತೋರಿಸಿದರು. ಮರಳಿ ಬಂದು ವಿಶ್ರಮಿಸಿ, ಸಂಜೆ ಬುದ್ಧ ವಿಹಾರಕ್ಕೆ ಹೋದೆವು. 2009ರ ಜನವರಿಯಲ್ಲಿ ಲೋಕಾರ್ಪಣೆಗೊಂಡ ಈ ವಿಹಾರದ ವಿಸ್ತಾರ ಅಂಗಳ ಮಕ್ಕಳಿಗೆ ಹಬ್ಬ. ಆದರೆ ಪಾದರಕ್ಷೆ ಕಳೆದು ನಡೆಯುವ ಕಲ್ಲುಹಾಸು ಮಧ್ಯಾಹ್ನ ಕಾದಿರುತ್ತದೆ, ಸಂಜೆಯೇ ಲೇಸು.

ಇಲ್ಲಿ ಬಂಧುಗಳ ಮನೆಯಿಲ್ಲದವರು ನಡುಹಗಲಿನಲ್ಲಿ ಮರಳಿ ಮಲಗಲು ಅನುಕೂಲವಾಗುವಂತೆ ನಗರದ ನಡುವೆಯೇ ವಸತಿ ಹಿಡಿಯಬೇಕು. ಬೆಂಗಳೂರಿನಿಂದ 2024ರ ಮಾರ್ಚಿನಲ್ಲಿ ಆರಂಭವಾದ ವಂದೇ ಭಾರತ್ ರೈಲು ವೇಗದ್ದೇನೋ ಹೌದು, ಆದರೆ ಇಲ್ಲಿ ಇಳಿಸುವುದು ರಾತ್ರಿ ಬಹು ತಡವಾಗಿ. ಮಕ್ಕಳಿರುವವರಿಗೆ ಮಲಗಿ ಬರುವ ರಾತ್ರಿಯ ರೈಲುಗಳೇ ಹಿತ. ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ ದೊಡ್ಡವರಿಗೆ ಅಮೃತ, ಎಳೆಯರಿಗೆ ಖಾರ. ಖಾರ ಬೆರೆಸುವ ಮುನ್ನವೇ ತೆಗೆದ ಬೇಳೆಯ ಕಟ್ಟು, ಅನ್ನ, ತುಪ್ಪ ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ತೊಗರಿಯ ನಾಡಿನಲ್ಲಿ ಬೇಳೆಗೆ ಬರವೇ?

ಮಳಖೇಡ, ಸನ್ನತಿಗಳು ನಮ್ಮ ಹಳೆಯ ಕಾಗದದಲ್ಲಿಯೇ ಉಳಿದಿವೆ. ಕಿರಿಯವನಿಗೆ ಏಳು ತುಂಬಲಿ ಎಂದಿದ್ದಾಳೆ ಸೊಸೆ. ನಾವೂ ಒಪ್ಪಿದ್ದೇವೆ.