ಹಳೆಯ ಕಂಪ್ಯೂಟರು, ಹೊಸ ವಿಂಡೋಸ್: ಪರೀಕ್ಷಿಸುವ ಕ್ರಮ

ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ರಂದು ಮುಗಿಯಿತು. ಅಂದಿನಿಂದ ಶಾಲೆಗಳಲ್ಲಿ ಒಂದು ಪ್ರಶ್ನೆ ಎದ್ದಿದೆ: ಹಳೆಯ ಯಂತ್ರವು ವಿಂಡೋಸ್ ೧೧ನ್ನು ನಡೆಸಬಲ್ಲುದೆ, ಅಥವಾ ಅದನ್ನು ಮೂಲೆಗೆ ತಳ್ಳಬೇಕೆ? ವಿದ್ಯಾರ್ಥಿಯನ್ನು ಪರೀಕ್ಷಿಸದೆ ಅನುತ್ತೀರ್ಣನೆನ್ನದ ನಾವು, ಯಂತ್ರದ ವಿಷಯದಲ್ಲಿಯೂ ಅದೇ ನ್ಯಾಯವನ್ನು ಪಾಲಿಸುವುದು ಯುಕ್ತ.

ಹೊಸ ವ್ಯವಸ್ಥೆಯು ಮುಖ್ಯವಾಗಿ ಬೇಡುವುದು ಐದು: ೪ ಜಿಬಿ ರ‍್ಯಾಮ್, ೬೪ ಜಿಬಿ ಶೇಖರಣೆ, ಸಂಸ್ಥೆಯ ಪಟ್ಟಿಯಲ್ಲಿರುವ ಪ್ರೊಸೆಸರು, ಸೆಕ್ಯೂರ್ ಬೂಟ್ ಸೌಕರ್ಯವುಳ್ಳ ಯುಇಎಫ್ಐ, ಟಿಪಿಎಂ ೨.೦ ಎಂಬ ಭದ್ರತಾ ಘಟಕ. ಮೊದಲೆರಡರ ಕೊರತೆಯನ್ನು ಬಹುಮಟ್ಟಿಗೆ ಅಲ್ಪ ಹಣದಿಂದ ನೀಗಬಹುದು. ಪ್ರೊಸೆಸರೇ ನಿಜವಾದ ತೊಡಕು. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ೮ನೆಯ ಪೀಳಿಗೆಯಿಂದ ಈಚಿನವು ಅರ್ಹ. ಕೋರ್ ಐ೫-೭೪೦೦ ಎಂಬುದು ೭ನೆಯ ಪೀಳಿಗೆ, ಐ೫-೮೪೦೦ ಎಂಬುದು ೮ನೆಯದು. ಬರಿಯ 'ಐ೫' ನೋಡಿ ಮೋಸಹೋಗಬಾರದು.

ಪರೀಕ್ಷೆಗೆ ಸಂಸ್ಥೆಯದೇ ಆದ 'ಪಿಸಿ ಹೆಲ್ತ್ ಚೆಕ್' ಎಂಬ ಉಚಿತ ಸಾಧನವಿದೆ. ಅದು 'ಇಲ್ಲ' ಎಂದರೆ ಕಾರಣವನ್ನೂ ಓದಬೇಕು. ಟಿಪಿಎಂ ಕಾಣುತ್ತಿಲ್ಲವೆಂದರೆ ಘಟಕವೇ ಇಲ್ಲವೆಂದು ಅರ್ಥವಲ್ಲ. ಎಷ್ಟೋ ಯಂತ್ರಗಳಲ್ಲಿ ಅದು ಇದ್ದೂ ಆರಿಸಿಟ್ಟಿರುತ್ತದೆ. ಯಂತ್ರವನ್ನು ಪ್ರಾರಂಭಿಸುವಾಗ ಬಯಾಸ್ ಪುಟವನ್ನು ತೆರೆದು, ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬುದನ್ನು ಚಾಲೂ ಮಾಡಿದರೆ ಸಾಕಾದೀತು. ನಮ್ಮ ಶಾಲೆಯಲ್ಲಿ ಹೊರಹಾಕಲು ಇಟ್ಟಿದ್ದ ಯಂತ್ರವೊಂದು ಈ ಒಂದೇ ಬದಲಾವಣೆಯಿಂದ ಉತ್ತೀರ್ಣವಾಯಿತು.

ಪ್ರೊಸೆಸರೇ ಅನರ್ಹವಾದರೂ ಯಂತ್ರವನ್ನು ಎಸೆಯಬೇಕಿಲ್ಲ. ಲಿನಕ್ಸ್ ವ್ಯವಸ್ಥೆಗೆ ಟಿಪಿಎಂ ಕಡ್ಡಾಯವಲ್ಲ. ಕೇರಳದ ಕೈಟ್ ಸಂಸ್ಥೆಯು ಅಲ್ಲಿನ ಶಾಲೆಗಳಿಗಾಗಿ ಉಬುಂಟು ಆಧರಿಸಿದ ಲಿನಕ್ಸನ್ನು ಸಿದ್ಧಪಡಿಸಿದೆ. ಕಾಸರಗೋಡಿನ ಮಿತ್ರರಿಗೆ ಇದು ಹೊಸತಲ್ಲ. ಉಬುಂಟುವನ್ನು ಯುಎಸ್‌ಬಿಯಿಂದ ನಡೆಸಿ, ಯಂತ್ರಕ್ಕೆ ಒಗ್ಗುವುದೇ ಎಂದು ಮೊದಲೇ ನೋಡಬಹುದು.

ಕಡೆಯಲ್ಲಿ ಹೇಳಿದರೂ ಎಲ್ಲಕ್ಕೂ ಮೊದಲು ಮಾಡಬೇಕಾದುದೊಂದಿದೆ. ನಾವು ಕೂಡಿಹಾಕಿದ ಗಡಿನಾಡಿನ ಹಾಡು, ಗಾದೆ, ಊರಹೆಸರುಗಳು ಹಲವೆಡೆ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಈ ಯಂತ್ರಗಳಲ್ಲಿಯೇ ಉಳಿದಿವೆ. ಆ ಫಾಂಟಿಲ್ಲದ ಕಡೆ ಕನ್ನಡವು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ತೋರುತ್ತದೆ. ಆದುದರಿಂದ ಕಡತಗಳನ್ನೂ ಫಾಂಟುಗಳನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ, ಯೂನಿಕೋಡಿಗೆ ಪರಿವರ್ತಿಸಿ, ತಾಳೆ ನೋಡಿದ ಮೇಲೆಯೇ ಹಳೆಯ ವ್ಯವಸ್ಥೆಯನ್ನು ಮುಟ್ಟಬೇಕು. ಯಂತ್ರ ಹೋದರೆ ಇನ್ನೊಂದು ಬಂದೀತು. ಹಾಡು ಕಳೆದರೆ, ಅದನ್ನು ಮತ್ತೆ ಹೇಳಲು ಹಾಡಿದವರು ಇರಲಾರರು.