ಕೈಯಲ್ಲಿ ಗ್ರೀನ್ ಕಾರ್ಡ್, ಊರಲ್ಲಿ ಗದ್ದೆ

ಮಲೆಬೆನ್ನೂರಿನಲ್ಲಿ ಭತ್ತದ ಗದ್ದೆ, ಅಮೆರಿಕದಲ್ಲಿ ಮಗನ ಮನೆ, ಕೈಯಲ್ಲಿ ಗ್ರೀನ್ ಕಾರ್ಡ್. ನಿಮ್ಮದೂ ಇದೇ ಕಥೆಯಾದರೆ ಪೂರ್ತಿ ಕೇಳಿ.

ಗ್ರೀನ್ ಕಾರ್ಡ್ ಅಲ್ಲೇ ನೆಲೆಸುವವರಿಗೆ ಕೊಟ್ಟಿದ್ದು, ವರ್ಷಕ್ಕೊಮ್ಮೆ ಹೋಗಿಬರೋ ವೀಸಾ ಅಲ್ಲ. ಪೌರತ್ವ ಬೇಕಾದರೆ ಸಾಮಾನ್ಯವಾಗಿ 5 ವರ್ಷದ ವಾಸ ಬೇಕು; ಅದರಲ್ಲಿ ಕನಿಷ್ಠ 30 ತಿಂಗಳು ಆ ದೇಶದೊಳಗೇ ಇದ್ದಿರಬೇಕು. ಕೊಯ್ಲು ಮುಗಿಸಿಯೇ ಹೋಗೋಣ ಅಂತ ಒಂದೇ ಸಲಕ್ಕೆ 6 ತಿಂಗಳು ದಾಟಿದರೆ ವಾಸ ತುಂಡಾಯಿತು ಅಂತಲೇ ಲೆಕ್ಕ. ತುಂಡಾಗಿಲ್ಲ ಅಂತ ದಾಖಲೆ ಕೊಟ್ಟು ತೋರಿಸೋ ಹೊಣೆ ನಿಮ್ಮದು. 1 ವರ್ಷ ದಾಟಿದರೆ ಕಾರ್ಡಿಗೇ ಕುತ್ತು. ತಡವಾಗುತ್ತೆ ಅಂತ ಗೊತ್ತಿದ್ದರೆ ಅಮೆರಿಕ ಬಿಡುವ ಮುಂಚೆಯೇ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಏರ್‌ಪೋರ್ಟಿನಲ್ಲಿ ಐ-407 ಫಾರಂ ಮುಂದಿಟ್ಟರೆ ಹೆದರಿ ಸಹಿ ಹಾಕಬೇಡಿ. ಗ್ರೀನ್ ಕಾರ್ಡನ್ನು ನಾನಾಗಿಯೇ ಬಿಟ್ಟುಕೊಡುತ್ತೇನೆ ಅನ್ನೋ ಪತ್ರ ಅದು. ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕು ನಿಮಗಿದೆ.

ಹಳೆಯ ಪೊಲೀಸ್ ಕೇಸ್ ಇದ್ದರೆ, ತಿಳಿಯದೆ ಅಲ್ಲಿ ವೋಟು ಹಾಕಿದ್ದರೆ, ವಕೀಲರನ್ನು ಕಾಣದೆ ಪೌರತ್ವದ ಅರ್ಜಿ ಹಾಕಲೇಬೇಡಿ. ಆ ಅರ್ಜಿಯಿಂದಲೇ ಗಡೀಪಾರಿನ ಕೇಸ್ ಶುರುವಾಗಬಹುದು.

ಇಂಗ್ಲಿಷ್ ಬಾರದ ಅಮ್ಮಂದಿರೇ, ಧೈರ್ಯವಾಗಿರಿ. ವಯಸ್ಸು 55 ದಾಟಿ, ಗ್ರೀನ್ ಕಾರ್ಡಿನಲ್ಲಿ 15 ವರ್ಷ ಅಲ್ಲಿದ್ದವರು ದುಭಾಷಿಯನ್ನಿಟ್ಟುಕೊಂಡು ಕನ್ನಡದಲ್ಲೇ ಪೌರತ್ವದ ಪರೀಕ್ಷೆ ಕೊಡಬಹುದು.

ಇನ್ನು ಗದ್ದೆ. ಅಮೆರಿಕದ ಪ್ರಜೆಯಾದರೆ ಭಾರತದ ಪೌರತ್ವ ಹೋಗುತ್ತೆ. ಈಗಿರುವ ಜಮೀನು ಉಳಿಸಿಕೊಳ್ಳಬಹುದು. ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಹೊಸ ಕೃಷಿ ಜಮೀನು ಕೊಳ್ಳುವಂತಿಲ್ಲ.

ಟಿಕೆಟ್ ಬುಕ್ ಮಾಡುವ ಮುಂಚೆ ಪಾಸ್‌ಪೋರ್ಟಿನಲ್ಲಿ ಹೋಗಿಬಂದ ತಾರೀಖು ನೋಡಿ, ಮಕ್ಕಳ ಜೊತೆ ಕೂತು ಲೆಕ್ಕ ಹಾಕಿ.